ಕೊಲೆಗಾರನ ಮನಸ್ಸು ಓದುವವರು, ಸತ್ತವರ ಹೆಸರು ಬರೆಯದವರು

ಚಳ್ಳಕೆರೆಯ ಒಂದು ಹಾಸ್ಟೆಲಿನಲ್ಲಿ ರಾತ್ರಿ ಊಟ ಮುಗಿದ ಮೇಲೆ ಹುಡುಗರು ಒಂದೇ ಮೊಬೈಲಿಗೆ ತಲೆ ಸೇರಿಸಿ ಕೂರುತ್ತಾರೆ. ನೋಡುವುದು ಸರಣಿ ಕೊಲೆಗಾರರ ಕತೆ. ಒಬ್ಬ ಜಾಣ ಅಧಿಕಾರಿ ಹೆಣ ನೋಡುತ್ತಾನೆ, ಗಾಯ ನೋಡುತ್ತಾನೆ, ಕಣ್ಣು ಮುಚ್ಚಿ 'ಇವನು ಒಂಟಿ, ತಾಯಿಯನ್ನು ಕಂಡರೆ ಆಗದವನು' ಅಂತಾನೆ. ಕೊನೆಗೆ ಹಂಗೇ ಆಗುತ್ತದೆ. ಮೊಳಕಾಲ್ಮೂರು ಕಡೆಯ ಹುಡುಗನೊಬ್ಬ ನಮ್ಮನ್ನು ಕೇಳಿದ: 'ಸಾರ್, ಇಷ್ಟು ಬುದ್ಧಿ ಇರೋ ಪೊಲೀಸ್ರು ನಮ್ಮೂರ ಠಾಣೆಗೆ ಯಾಕೆ ಬರಲ್ಲ?' ಎಲ್ಲರೂ ನಕ್ಕೆವು. ಆಮೇಲೆ ನಗು ನಿಂತಿತು. ಆ ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಆ ವಿದ್ಯೆ ಏನೆಂದು ನೋಡೋಣ. ಅಪರಾಧ ನಡೆದ ಜಾಗ, ಸತ್ತವರ ಬದುಕು, ಕೊಂದ ರೀತಿ, ಇವನ್ನೆಲ್ಲ ಓದಿ ಕೊಂದವನು ಎಂಥವನಿರಬಹುದು ಎಂದು ಚಿತ್ರ ಬರೆಯುವುದಕ್ಕೆ ಪ್ರೊಫೈಲಿಂಗ್ ಅನ್ನುತ್ತಾರೆ. ಅಮೆರಿಕದ ಎಫ್‌ಬಿಐ 1972ರಲ್ಲಿ ಇದಕ್ಕೊಂದು ಘಟಕ ಕಟ್ಟಿತು. ರಾಬರ್ಟ್ ರೆಸ್ಲರ್, ಜಾನ್ ಡಗ್ಲಾಸ್ ಎಂಬ ಅಧಿಕಾರಿಗಳು ಜೈಲುಗಳಿಗೆ ಹೋಗಿ ಕೊಲೆಗಾರರನ್ನು ಮಾತಾಡಿಸಿದರು. ಆನ್ ಬರ್ಜೆಸ್ ಎಂಬ ನರ್ಸಿಂಗ್ ಪ್ರಾಧ್ಯಾಪಕಿ ಆ ಮಾತುಗಳನ್ನು ಸಂಶೋಧನೆಯ ಕ್ರಮಕ್ಕೆ ತಂದರು. 36 ಮಂದಿ ಅಪರಾಧಿಗಳ ಅಧ್ಯಯನದಿಂದ ಎರಡು ಪೆಟ್ಟಿಗೆ ತಯಾರಾದವು: ಯೋಜನೆ ಹಾಕಿ ಕೊಲ್ಲುವವನು, ಯೋಜನೆ ಇಲ್ಲದೆ ಕೊಲ್ಲುವವನು. ಮುಂದೆ 2004ರಲ್ಲಿ ಇಂಗ್ಲೆಂಡಿನ ಡೇವಿಡ್ ಕ್ಯಾಂಟರ್ ಮತ್ತು ಸಂಗಡಿಗರು 100 ಸರಣಿ ಕೊಲೆಗಾರರ ವಿವರ ಹಿಡಿದು ಪರೀಕ್ಷಿಸಿದಾಗ ಆ ಎರಡು ಪೆಟ್ಟಿಗೆಗಳಿಗೆ ಆಧಾರ ಸಿಗಲಿಲ್ಲ. ಸಿನಿಮಾದವರಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಇನ್ನೊಂದು ಹಳೆಯ ಕತೆ ಕೇಳಿ. ನ್ಯೂಯಾರ್ಕಿನಲ್ಲಿ 1940ರಿಂದ 1956ರ ತನಕ ಒಬ್ಬ ಬಾಂಬು ಇಡುತ್ತಿದ್ದ. ಜೇಮ್ಸ್ ಬ್ರಸೆಲ್ ಎಂಬ ಮನೋವೈದ್ಯ ಅವನ ಚಿತ್ರ ಬರೆದುಕೊಟ್ಟ, ಹಾಕಿಕೊಳ್ಳುವ ಕೋಟಿನ ಗುಂಡಿಯ ತನಕ. 1957ರ ಜನವರಿಯಲ್ಲಿ ಜಾರ್ಜ್ ಮೆಟೆಸ್ಕಿ ಸಿಕ್ಕಿಬಿದ್ದ. ವೈದ್ಯ ಜಗತ್ಪ್ರಸಿದ್ಧನಾದ. ಆದರೆ ಮೆಟೆಸ್ಕಿಯ ಹೆಸರು ಸಿಕ್ಕಿದ್ದು ಎಲ್ಲಿ? ವಿದ್ಯುತ್ ಕಂಪನಿಯ ಹಳೇ ಫೈಲುಗಳ ರಾಶಿಯಲ್ಲಿ. ಕೆಲಸದಲ್ಲಿ ಪೆಟ್ಟಾಗಿ ಪರಿಹಾರ ಸಿಗದೆ ರೊಚ್ಚಿಗೆದ್ದ ಕಾರ್ಮಿಕನ ಕಾಗದಗಳನ್ನು ಓದಿ, ಬಾಂಬಿನವನ ಪತ್ರದ ಮಾತಿಗೂ ಇದಕ್ಕೂ ತಾಳೆಯಾಗುತ್ತದೆ ಎಂದು ಕಂಡವಳು ಆಲಿಸ್ ಕೆಲ್ಲಿ ಎಂಬ ಗುಮಾಸ್ತೆ. ವೈದ್ಯನ ಹೆಸರು ಎಲ್ಲರಿಗೂ ಗೊತ್ತು. ಆಕೆಯ ಹೆಸರು ಯಾರಿಗೆ ಗೊತ್ತು? ದುಡಿದವರೊಬ್ಬರು, ಹಾರ ಹಾಕಿಸಿಕೊಂಡವರು ಇನ್ನೊಬ್ಬರು. ನಮಗಿದು ಹೊಸದಲ್ಲ.

ಈಗ ನಮ್ಮ ಜಿಲ್ಲೆಗೇ ಬರೋಣ. ಉಮೇಶ್ ರೆಡ್ಡಿ ಚಿತ್ರದುರ್ಗದವನು. ಸಿಆರ್‌ಪಿಎಫ್‌ನಲ್ಲಿದ್ದು ಬಂದು, 1996ರಲ್ಲಿ ಇಲ್ಲಿಯೇ ಜಿಲ್ಲಾ ಸಶಸ್ತ್ರ ಪೊಲೀಸ್ ಪಡೆ ಸೇರಿದವನು. ಅವನನ್ನು ಮೊದಲು ಹಿಡಿದುಕೊಟ್ಟ ಪ್ರೊಫೈಲರ್ ಯಾರು? ಆಗ ಬಂದ ವರದಿಗಳ ಪ್ರಕಾರ, ಅವನ ಕೈಯಿಂದ ಕಲ್ಲೇಟು ಹಾಕಿ ತಪ್ಪಿಸಿಕೊಂಡ ಒಬ್ಬ ಶಾಲಾ ಹುಡುಗಿ. ಗಣರಾಜ್ಯೋತ್ಸವದ ಕವಾಯತಿನಲ್ಲಿ ಸಮವಸ್ತ್ರ ತೊಟ್ಟು ನಿಂತಿದ್ದ ಅವನನ್ನು ಆಕೆ ಗುರುತು ಹಿಡಿದಳು. ಸಿಕ್ಕವನು ಪೊಲೀಸರ ಕೈಯಿಂದಲೇ ತಪ್ಪಿಸಿಕೊಂಡ. 1998ರ ಫೆಬ್ರವರಿಯಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಒಬ್ಬ ತಾಯಿ ಅವನಿಗೆ ಬಲಿಯಾದಳು. ಅವನನ್ನು ಆ ಮನೆಯಲ್ಲಿ ಕಂಡು ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದು ಆಕೆಯ ಪುಟ್ಟ ಮಗ. ಒಂದು ಕಡೆ ಕಲ್ಲು ಹಿಡಿದ ಹುಡುಗಿ, ಇನ್ನೊಂದು ಕಡೆ ತಾಯಿ ಕಳಕೊಂಡ ಕೂಸು. ಇವರ ಮೇಲೆ ಯಾವ ಧಾರಾವಾಹಿಯೂ ಬರಲಿಲ್ಲ. ಕೊಲೆಗಾರನ ತಲೆಯೊಳಗೆ ಏನಿತ್ತು ಎಂದು ಮಾತ್ರ ಪುಟಗಟ್ಟಲೆ ಬರೆದರು.

ಗಲ್ಲು ಬೇಕೆಂದು ನಾವು ಕೂಗುತ್ತಿಲ್ಲ. ಸುಮಾರು 10 ವರ್ಷ ಅವನನ್ನು ಕಾನೂನು ಮೀರಿ ಒಂಟಿ ಸೆರೆಯಲ್ಲಿಟ್ಟರೆಂಬ ಕಾರಣಕ್ಕೆ ಸುಪ್ರೀಂ ಕೋರ್ಟು 2022ರ ನವೆಂಬರಿನಲ್ಲಿ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಜೈಲಿನೊಳಗೂ ಕಾನೂನು ಇರಬೇಕು. ಅದು ಸರಿಯೇ. ನಮ್ಮ ತಕರಾರು ಬೇರೆ: ಆ ಕಾನೂನು ಠಾಣೆಯ ಬಾಗಿಲಲ್ಲಿ ನಿಂತ ನಮ್ಮ ತಾಯಂದಿರಿಗೂ ಇರಬೇಕಲ್ಲ?

ಸೈನೈಡ್ ಮೋಹನನ ಪ್ರಕರಣ ಈ ತಕರಾರಿನ ಬೇರು ತೋರಿಸುತ್ತದೆ. ಶಿಕ್ಷಕ ಗೆಳೆಯರೇ, ಅವನೂ ನಮ್ಮಂತೆ ಹಾಜರಿ ಪುಸ್ತಕ ಹಿಡಿದಿದ್ದವನು. ದಕ್ಷಿಣ ಕನ್ನಡದ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. 2003ರಿಂದ 2009ರೊಳಗೆ 20 ಹೆಣ್ಣುಮಕ್ಕಳನ್ನು ಕೊಂದ ಆರೋಪ ಅವನ ಮೇಲೆ ಬಂತು. 2013ರಿಂದ 2020ರ ತನಕ ಒಂದೊಂದೇ ತೀರ್ಪು ಹೊರಬಿತ್ತು. ಬಹುಪಾಲು ಬಡವರ ಮನೆಯ, ಮದುವೆಯ ವಯಸ್ಸು ದಾಟುತ್ತಿದೆ ಎಂದು ಊರು ಚುಚ್ಚುತ್ತಿದ್ದ ಹೆಣ್ಣುಮಕ್ಕಳು. 'ನಾನು ನಿಮ್ಮ ಜಾತಿಯವನೇ, ವರದಕ್ಷಿಣೆ ಬೇಡ' ಅಂತ ಹೇಳುತ್ತಿದ್ದ. ಬೇರೆ ಊರಿಗೆ ಕರೆದೊಯ್ದು, ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ, ಬಸಿರು ನಿಲ್ಲದ ಮಾತ್ರೆ ಎಂದು ಸೈನೈಡ್ ಕೊಟ್ಟು ಶೌಚಾಲಯಕ್ಕೆ ಕಳಿಸುತ್ತಿದ್ದ. ಬಿಚ್ಚಿಸಿಟ್ಟ ಒಡವೆಯೊಂದಿಗೆ ಮಾಯವಾಗುತ್ತಿದ್ದ.

ಇಲ್ಲಿ ನಿಂತು ಯೋಚಿಸಬೇಕು. ಆ ಎರಡು ವಾಕ್ಯಗಳನ್ನು ಅವನು ಎಲ್ಲಿ ಕಲಿತ? ನಮ್ಮಿಂದ. ಜಾತಿ ಒಂದೇ ಆದರೆ ಹೆಚ್ಚು ಪ್ರಶ್ನೆ ಕೇಳುವುದಿಲ್ಲ, ವರದಕ್ಷಿಣೆ ಬೇಡವೆಂದರೆ ಬಡವರು ದೇವರೇ ಬಂದನೆಂದು ನಂಬುತ್ತಾರೆ, ಹೋದ ಹುಡುಗಿಯ ಬಗ್ಗೆ ಮನೆಯವರು ಮರ್ಯಾದೆಗಂಜಿ ಬಾಯಿ ಮುಚ್ಚುತ್ತಾರೆ, ಠಾಣೆಯವರು 'ಓಡಿ ಹೋಗ್ಯಾಳೆ ಬಿಡು' ಅಂತಾರೆ. ಇಷ್ಟನ್ನೂ ಅವನು ಓದಿಕೊಂಡಿದ್ದ. ಹಾಗೆ ನೋಡಿದರೆ ನಿಜವಾದ ಪ್ರೊಫೈಲರ್ ಅವನೇ. ಅವನು ಚಿತ್ರ ಬರೆದದ್ದು ನಮ್ಮ ಸಮಾಜದ್ದು. ಒಂದು ಗೆರೆಯೂ ತಪ್ಪಿರಲಿಲ್ಲ.

ಹೆಣಗಳು ಸಿಕ್ಕವು. ಬೇರೆ ಬೇರೆ ಊರು, ಬೇರೆ ಬೇರೆ ಠಾಣೆ. ಒಳಗಿನಿಂದ ಚಿಲಕ ಹಾಕಿದ ಶೌಚಾಲಯ, ಗುರುತಿಲ್ಲದ ಹೆಂಗಸು, ಅಸಹಜ ಸಾವು. ಫೈಲು ಮುಚ್ಚಿತು. ಎಫ್‌ಬಿಐನವರು 1985ರಲ್ಲಿ ಊರೂರಿನ ಬಿಡಿ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ಹೋಲಿಕೆ ಹುಡುಕುವ ವ್ಯವಸ್ಥೆ ತಂದಿದ್ದರು. ಆ ವಿದ್ಯೆಯಲ್ಲಿ ನಮಗೆ ಬೇಕಾದದ್ದು ಇದೇ. ಕಣ್ಣು ಮುಚ್ಚಿ ಹೇಳುವ ಕಣಿಯಲ್ಲ, ಕಣ್ಣು ತೆರೆದು ಇಡುವ ಲೆಕ್ಕ. ಇಲ್ಲಿ ಆ ಲೆಕ್ಕ ಯಾರೂ ಇಡಲಿಲ್ಲ. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಬರಿಮಾರಿನ ಯುವತಿ ಕಾಣೆಯಾದಾಗ ಜನ ರಸ್ತೆಗಿಳಿದರು. ಅದೂ ಹೇಗೆ? ಮುಸ್ಲಿಂ ಹುಡುಗನೊಂದಿಗೆ ಹೋಗಿದ್ದಾಳೆಂದು ಗುಲ್ಲೆಬ್ಬಿಸಿದ ಮೇಲೆ. ಆಗ ಪೊಲೀಸರು ಫೋನ್ ಕರೆಗಳ ಜಾಡು ಹಿಡಿದರು. ಒಂದು ನಂಬರು ಕಾಣೆಯಾದ ಇನ್ನೊಬ್ಬಳನ್ನು ತೋರಿಸಿತು, ಅದು ಮತ್ತೊಬ್ಬಳನ್ನು. ಅಕ್ಟೋಬರಿನಲ್ಲಿ ಅವನು ಸಿಕ್ಕ. ಹೆಣ್ಣಿನ ಜೀವಕ್ಕಾಗಿ ಏಳದ ವ್ಯವಸ್ಥೆ ಕೋಮುದ್ವೇಷದ ಸುಳ್ಳಿಗೆ ಎದ್ದು ಕೂತಿತು. ಇದು ನಾಚಿಕೆಗೇಡು.

2023ರಲ್ಲಿ ಬಂದ 'ದಹಾಡ್' ಎಂಬ ಹಿಂದಿ ಸರಣಿ ಈ ಪ್ರಕರಣವನ್ನೇ ಹೋಲುತ್ತದೆ. ರಾಜಸ್ಥಾನದ ಊರು, ಪಾಠ ಹೇಳುವ ಕೊಲೆಗಾರ, ದಲಿತ ಮಹಿಳಾ ಅಧಿಕಾರಿ. ಆಕೆ ಹಾದು ಹೋದಾಗಲೆಲ್ಲ ಠಾಣೆಯ ಒಬ್ಬ ಊದುಬತ್ತಿ ಹಚ್ಚುತ್ತಾನೆ. ಆ ಹೊಗೆ ನಮ್ಮ ಹುಡುಗರಿಗೆ ತಕ್ಷಣ ಅರ್ಥವಾಯಿತು, ಯಾರೂ ವಿವರಿಸಬೇಕಾಗಲಿಲ್ಲ. ಅಡ್ಡಹೆಸರು ಬದಲಿಸಿಕೊಂಡಿದ್ದ ಮನೆಯ ಆಕೆ ಕೊನೆಗೆ ತನ್ನ ಹಳೆಯ ಹೆಸರಿಗೇ ಮರಳುತ್ತಾಳೆ. ಇಷ್ಟನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೂ ಕೆಮೆರಾ ಕೊಲೆಗಾರನ ಹಿಂದೆಯೇ ಹೆಚ್ಚು ಓಡಾಡುತ್ತದೆ. ಸತ್ತ ಹೆಣ್ಣುಮಕ್ಕಳು ಗೋಡೆಗೆ ಅಂಟಿಸಿದ ಫೋಟೋಗಳಾಗಿ ಉಳಿಯುತ್ತಾರೆ. ಅವರಿಗೂ ಒಂದು ಮಾತಿತ್ತು, ಒಂದು ಕೂಲಿಯಿತ್ತು, ಒಂದು ಆಸೆಯಿತ್ತು.

ಇನ್ನು ಪ್ರೊಫೈಲಿಂಗ್ ಈ ದೇಶಕ್ಕೆ ಹೊಸದೆಂದು ಯಾರಾದರೂ ಅಂದರೆ ನಂಬಬೇಡಿ. 1871ರಲ್ಲೇ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು, ಅಂದರೆ ಮೊಳಕಾಲ್ಮೂರಿನ ಗಡಿಯಾಚೆಯ ಬಳ್ಳಾರಿ, ರಾಯದುರ್ಗದ ಸೀಮೆಗೆ. ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರಚ, ಕೊರಮರಂಥ ಜನ ಹುಟ್ಟಿನಿಂದಲೇ ಕಳ್ಳರಾದರು. ಬೆರಳಚ್ಚು, ಹಾಜರಿ, ಊರು ಬಿಡಲು ಪರವಾನಗಿ. ಕೊಲೆಗಾರನ ಚಿತ್ರ ಬರೆಯಲು ಹೆಣ ಬೇಕು, ಗಾಯ ಬೇಕು. ಇವರ ಚಿತ್ರ ಬರೆಯಲು ತೊಟ್ಟಿಲು ಸಾಕಾಯಿತು. 1952ರಲ್ಲಿ ಕಾಯ್ದೆ ರದ್ದಾಯಿತು. ಕಾಯ್ದೆ ಹೋದರೂ ಪೊಲೀಸರ ಕಣ್ಣು ಹೋಗಲಿಲ್ಲ. ಜೈಲಿನ ಕೈಪಿಡಿಗಳು ಜಾತಿ ನೋಡಿ ಕೆಲಸ ಹಂಚುವುದನ್ನು, ಈ ಬುಡಕಟ್ಟುಗಳನ್ನು ರೂಢಿಗತ ಅಪರಾಧಿಗಳೆಂದು ಕಾಣುವುದನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 2024ರ ಅಕ್ಟೋಬರಿನಲ್ಲಿ! ಒಳಗೆ ಹಾಕುವಾಗ ನಮ್ಮವರ ಗುರುತು ಪಕ್ಕಾ ಸಿಗುತ್ತದೆ. ಕಾಣೆಯಾದಾಗ ಮಾತ್ರ ಗುರುತು ಸಿಗುವುದಿಲ್ಲ. ಯಾಕೆ?

ಹಾಸ್ಟೆಲಿನ ಹುಡುಗನಿಗೆ ನಮ್ಮ ಉತ್ತರ ಇಷ್ಟು: ತಮ್ಮಾ, ಆ ಬುದ್ಧಿವಂತ ಬರುವುದಿಲ್ಲ, ಅವನಿಗೆ ಕಾಯಬೇಡ. ಸರಣಿ ಕೊಲೆ ಅಪರೂಪ. 'ಓಡಿ ಹೋಗ್ಯಾಳೆ ಬಿಡು' ಅನ್ನುವುದು ಅಪರೂಪವಲ್ಲ. ಆ ಮಾತು ಇರುವ ತನಕ ಮೋಹನನಂಥವನಿಗೆ ಜಾಗ ಇದ್ದೇ ಇರುತ್ತದೆ.

ಆದ್ದರಿಂದ ಗೆಳೆಯರೇ, ಲೆಕ್ಕ ನಾವೇ ಇಡೋಣ. ಶಾಲೆ ಬಿಟ್ಟ ಹುಡುಗಿ ಎಲ್ಲಿಗೆ ಹೋದಳು? ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದವಳು ಫೋನ್ ಮಾಡಿದಳೇ? ಮೇಷ್ಟ್ರು ಕೇಳಲಿ, ಬರೆದಿಡಲಿ. ತಾಯಿಯೊಬ್ಬಳೇ ಠಾಣೆಗೆ ಹೋಗದಿರಲಿ, ನಾಲ್ಕು ಜನ ಜೊತೆಗೆ ಹೋಗಿ. ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 'ನಮ್ಮ ವ್ಯಾಪ್ತಿ ಅಲ್ಲ' ಅಂದರೆ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದೆಂದು 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯೇ ಹೇಳುತ್ತದೆ, ತೋರಿಸಿ. ದಲಿತರ ಮೇಲಿನ ದೌರ್ಜನ್ಯದ ದೂರನ್ನು ಬೇಕೆಂದೇ ಕಡೆಗಣಿಸಿದ ಅಧಿಕಾರಿಗೆ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮಿನಲ್ಲಿ ಶಿಕ್ಷೆ ಇದೆ, ನೆನಪಿಸಿ.

ಆ ಗುಮಾಸ್ತೆ ಫೈಲು ಓದಿದಳು. ಚಿತ್ರದುರ್ಗದ ಆ ಹುಡುಗಿ ಮುಖ ಮರೆಯಲಿಲ್ಲ. ನಾವು ಕಾಣೆಯಾದವರ ಹೆಸರು ಬರೆದಿಟ್ಟುಕೊಳ್ಳೋಣ. ಇವತ್ತಿನಿಂದಲೇ.