ಸಿಂಕ್ ಆಗಿದೆ ಅಂದ ಮಾತ್ರಕ್ಕೆ ಉಳಿದಿದೆ ಅಂತಲ್ಲ

ಶಾಸನಾಸಕ್ತರ ಯಾವ ಗುಂಪಿನಲ್ಲಿ ಕೇಳಿದರೂ ಈಗ ಒಂದೇ ಉತ್ತರ: "ಫೋಟೋ ಎಲ್ಲಾ ಸೇಫ್ ಸಾರ್, ತಾನಾಗೇ ಸಿಂಕ್ ಆಗುತ್ತೆ." ಲ್ಯಾಪ್‌ಟಾಪು, ಮನೆಯ ಹಾರ್ಡ್ ಡಿಸ್ಕು, ಕ್ಲೌಡು, ಮೂರೂ ಕಡೆ ಒಂದೇ ಕಡತ. ನಾನೂ ಹಾಗೇ ನಂಬಿದ್ದೆ. ಒಂದು ದಿನ ವೀರಗಲ್ಲೊಂದರ ಫೋಲ್ಡರನ್ನು ಕೈತಪ್ಪಿ ಅಳಿಸಿದೆ. ರಾತ್ರಿ ಸಿಂಕ್ ನಡೆದು, ಉಳಿದೆರಡು ಕಡೆಯೂ ನಿಷ್ಠೆಯಿಂದ ಅಳಿಸಿ ಹಾಕಿತು. ನನಗೆ ಗೊತ್ತಾಗಿದ್ದು ಎರಡು ತಿಂಗಳ ನಂತರ. ಅಷ್ಟರಲ್ಲಿ ಕ್ಲೌಡಿನ ಕಸದ ಬುಟ್ಟಿಯೂ ಖಾಲಿ. ಮತ್ತೆ ಆ ಊರಿಗೆ ಹೋದರೆ ಕಲ್ಲಿಗೆ ದಪ್ಪಗೆ ಬಣ್ಣ ಬಳಿದು ಪೂಜೆಗೆ ಇಟ್ಟಿದ್ದರು. ಎರಡನೆಯ ಪಟ್ಟಿಕೆಯ ಸಾಲು ನನ್ನ ಬಳಿ ಇವತ್ತಿಗೂ ಅರ್ಧ ಓದಾಗಿಯೇ ಉಳಿದಿದೆ.

ತಪ್ಪು ತಂತ್ರಾಂಶದ್ದಲ್ಲ. ಎರಡು ಕಡೆಯನ್ನು ಒಂದೇ ಥರ ಮಾಡುವುದಷ್ಟೇ ಸಿಂಕ್‌ನ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತೆ. ಹಳೆಯದನ್ನು ಕಾಪಾಡುವುದು ಬ್ಯಾಕಪ್‌ನ ಕೆಲಸ. ಎರಡನ್ನೂ ಒಂದೇ ಅಂದುಕೊಂಡಿದ್ದು ನಾವು.

ಆರ್‌ಸಿಂಕ್ ಅನ್ನೇ ನೋಡಿ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದ ಇದು ಬದಲಾದ ಭಾಗವನ್ನಷ್ಟೇ ಕಳಿಸುತ್ತೆ. ಹಾಗಾಗಿ ನಿಧಾನದ ಇಂಟರ್ನೆಟ್ಟಿಗೂ ವರದಾನ. ಆದರೆ ನಾವು ಬೇರೆ ಹೇಳದಿದ್ದರೆ, ಕಡತದ ಗಾತ್ರ ಮತ್ತು ಬದಲಾದ ಸಮಯ ಎರಡನ್ನೇ ಹೋಲಿಸಿ "ಸರಿಯಿದೆ" ಅಂತ ಮುಂದೆ ಹೋಗುತ್ತೆ. ಡಿಸ್ಕ್ ಹಳತಾಗಿ ಫೋಟೋದ ಒಳಗೆ ನಾಲ್ಕು ಬೈಟ್ ಕೆಟ್ಟರೆ ಗಾತ್ರವೂ ಅದೇ, ಸಮಯವೂ ಅದೇ. ಚೆಕ್‌ಸಮ್ ಆಯ್ಕೆ ಕೊಟ್ಟರೆ ಮಾತ್ರ ವ್ಯತ್ಯಾಸ ಕಾಣುತ್ತೆ.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ತೊಡಕು. "ಕೋಲಾರ" ಎಂಬುದರ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಒಡೆದೇ ಇಡುತ್ತಿತ್ತು, ಲಿನಕ್ಸ್ ಕೊಟ್ಟಿದ್ದನ್ನು ಕೊಟ್ಟಂತೆ ಇಡುತ್ತೆ. ಅವುಗಳ ನಡುವೆ ಸಿಂಕ್ ಮಾಡಿದರೆ ಎರಡು "ಕೋಲಾರ" ಹುಟ್ಟುತ್ತವೆ. "ಡೂಪ್ಲಿಕೇಟ್" ಅಂತ ಒಂದನ್ನು ಅಳಿಸೋಕೆ ಹೋಗಿ ಕಳೆದುಕೊಳ್ಳೋದು ಸುಲಭ.

ಇವೆಲ್ಲ ತಾಂತ್ರಿಕ ಸಮಸ್ಯೆಗಳು, ಪರಿಹಾರ ಇದೆ. ನನ್ನ ದೊಡ್ಡ ಆಕ್ಷೇಪ ಬೇರೆ. ಸಿಂಕ್‌ನ ಮಟ್ಟಿಗೆ ಇತ್ತೀಚಿನದೇ ಸರಿ. ಶಾಸನದ ಓದಿನಲ್ಲಿ ಹಾಗಲ್ಲ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟ ಬಂದಿದ್ದು 1886ರಲ್ಲಿ. ಅದರ ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ತಂದಿತು. ಹೊಸದು ಬಂತೆಂದು ಹಳೆಯದನ್ನು ಯಾರೂ ಎಸೆಯಲಿಲ್ಲ. ಅಂದು ಕಂಡ ಅಕ್ಷರ ಇಂದು ಸವೆದು ಹೋಗಿರಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವುದೇ ನಮ್ಮ ಕೆಲಸ. ಇಬ್ಬರು ಏಕಕಾಲಕ್ಕೆ ಒಂದೇ ಪಾಠವನ್ನು ತಿದ್ದಿದರೆ ಸಿಂಕ್‌ಥಿಂಗ್‌ನಂಥ ಸಲಕರಣೆ, ಹಳೆಯ ಸಮಯದ್ದನ್ನು "ಸಿಂಕ್ ಕಾನ್‌ಫ್ಲಿಕ್ಟ್" ಎಂಬ ಹೆಸರಿನಲ್ಲಿ ಪಕ್ಕಕ್ಕಿಡುತ್ತೆ. ನಾವು ಅದನ್ನು ಕಸ ಅಂತ ಗುಡಿಸುತ್ತೇವೆ. ಅದು ಪಾಠಾಂತರ ಕಣ್ರೀ! ಒಬ್ಬರಾದ ಮೇಲೆ ಒಬ್ಬರು ತಿದ್ದಿದ್ದರೆ ಆ ಕುರುಹೂ ಸಿಗಲ್ಲ.

ಆ ಪೆಟ್ಟು ತಿಂದ ಮೇಲೆ ನಾನು ಮಾಡಿಕೊಂಡ ಏರ್ಪಾಡು ಇಷ್ಟು. ಮೂಲ ಫೋಟೋ, ಪಡಿಯಚ್ಚಿನ ಸ್ಕ್ಯಾನ್ ಏಕಮುಖವಾಗಿ ಹೋಗುತ್ತವೆ, ಅಳಿಸುವ ಆಯ್ಕೆ ಬಂದ್. ತೆಗೆದ ದಿನವೇ ಪ್ರತಿ ಕಡತದ ಎಸ್‌ಎಚ್‌ಎ-256 ಬೆರಳಚ್ಚನ್ನು ಪಟ್ಟಿ ಮಾಡಿ, ವರ್ಷಕ್ಕೊಮ್ಮೆ ತಾಳೆ ನೋಡುತ್ತೇನೆ. ಓದಿದ ಪಾಠಗಳು ಸರಳ ಪಠ್ಯವಾಗಿ ಗಿಟ್‌ನಲ್ಲಿ: ಯಾರು, ಯಾವಾಗ, ಯಾವ ಅಕ್ಷರ ತಿದ್ದಿದರು ಎಂಬುದು ಉಳಿಯುತ್ತೆ. ಒಂದು ಡಿಸ್ಕ್ ಯಾವ ಯಂತ್ರಕ್ಕೂ ಸಿಕ್ಕಿಸದೆ ತಮ್ಮನ ಮನೆಯಲ್ಲಿದೆ.

ದಾನಶಾಸನದ ಕೊನೆಗೆ ಶಾಪಾಶಯ ಇರುತ್ತೆ, ಅಳಿದವನಿಗೆ ಕವಿಲೆಯ ಕೊಂದ ಪಾಪ ಅಂತ. ನಮ್ಮ ಫೋಲ್ಡರುಗಳಿಗೆ ಆ ಕಾವಲೂ ಇಲ್ಲ. ಇವತ್ತೇ ಬೇಡದ ಫೋಟೋ ಒಂದನ್ನು ಸಿಂಕ್ ಫೋಲ್ಡರಿಗೆ ಹಾಕಿ, ಎಲ್ಲ ಕಡೆ ಹೋದ ಮೇಲೆ ಬೇಕೆಂದೇ ಅಳಿಸಿ. ಎರಡು ತಿಂಗಳು ಬಿಟ್ಟು ಹುಡುಕಿ. ಸಿಗದಿದ್ದರೆ, ನಿಮ್ಮ ಹತ್ತಿರ ಇರುವುದು ಮೂರು ಪ್ರತಿ ಅಲ್ಲ, ಒಂದೇ.