ಕಾಡಿಗೆ ಬಂದ ನಾಯಿ

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟವರೊಡನೆ ಕಿವಿ ಎಂಬ ನಾಯಿಯೂ ಕಾಡು ಹೊಗುತ್ತದೆ. ಆ ಚಿತ್ರಕ್ಕೆ ಮರುಳಾಗಿದ್ದ ನಾನು ಈಚೆಗೆ ನನ್ನ ನಾಯಿಯೊಡನೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋದೆ. ಹೆಸರಿಗೆ ಸಮುದ್ರ, ಇರುವುದು ಕೆರೆ. 2024ರಲ್ಲಿ, ಕರಾವಳಿಯ ಅಘನಾಶಿನಿ ಅಳಿವೆಯ ಜೊತೆಗೇ, ರಾಮ್‌ಸಾರ್ ಪಟ್ಟಿಗೆ ಸೇರಿದ 98.76 ಹೆಕ್ಟೇರಿನ ಜೌಗುನೆಲ. ನೀರಿನಲ್ಲಿ ನಿಂತ ಜಾಲಿಮರಗಳ ತುಂಬ ಹಕ್ಕಿಗಳ ಗೂಡು.

ಏರಿಯ ಮೇಲೆ ನಾಯಿ ಒಮ್ಮೆ ಬೊಗಳಿತು. ಒಂದು ಮರದ ಹಕ್ಕಿಗಳೆಲ್ಲ ಎದ್ದು ಹಾರಿದವು; ಮರಿಗಳು ಬಿಸಿಲಿಗೆ ಉಳಿದವು. ನಾಚಿಕೆಯಾಯಿತು. ನಾಯಿಯನ್ನು ಹಿಂದಕ್ಕೊಯ್ದು ಊರೊಳಗೆ ಕಟ್ಟಿಬಂದೆ.

ಅಂದೇ ಕಾದಂಬರಿಯನ್ನು ಮತ್ತೆ ತೆರೆದೆ. ಕಿವಿಯ ಓಡಾಟವನ್ನು ನಾವು ನಕ್ಕು ಓದುತ್ತೇವೆ. ಆ ನಗು ಮನುಷ್ಯನ ಕಡೆಯದು. ಕಾಡಿನ ಜೀವಿಗಳಿಗೆ ನಾಯಿ ನಮ್ಮ ಪೈಕಿಯೇ. ಇದು ಕೃತಿಯ ಕೊರತೆಯೆಂದು ಹೇಳಹೊರಟವನನ್ನು ಅದರ ಮುಕ್ತಾಯ ತಡೆಯಿತು. ಓತಿ ಯಾರ ಕೈಗೂ ಸಿಕ್ಕದೆ ತೇಲಿಹೋಗುತ್ತದೆ. ಹುಡುಕಿ ಬಂದವರು ಇತ್ತಲೇ ಉಳಿಯುತ್ತಾರೆ. ಮೊದಲ ಓದಿನಲ್ಲಿ ಅದು ನನಗೆ ಸಾಹಸದ ಸೋಲೆಂದು ತೋರಿತ್ತು. ಅದನ್ನು ಗೌರವದ ದೂರವೆಂದು ಓದಲು ಅಂಕಸಮುದ್ರದ ಏರಿ ಕಲಿಸಿತು.