ವಿದ್ಯಾರ್ಥಿ ಹ್ಯೂಯೆನ್ ತ್ಸಾಂಗ್

ವೈದ್ಯಕೀಯ ಓದಲು ಚೀನಾಕ್ಕೆ ಹೋದ ಕನ್ನಡದ ಹುಡುಗ ಹುಡುಗಿಯರನ್ನು ನಾವೆಲ್ಲ ಬಲ್ಲೆವು. ಹದಿನಾಲ್ಕು ಶತಮಾನಗಳ ಹಿಂದೆ ಈ ದಾರಿ ತಿರುಗುಮುರುಗಾಗಿತ್ತು. ಸುಮಾರು 629ರಲ್ಲಿ ಊರು ಬಿಟ್ಟ ಹ್ಯೂಯೆನ್ ತ್ಸಾಂಗ್ ಓದುವುದಕ್ಕೆಂದೇ ಇಲ್ಲಿಗೆ ಬಂದ. ನಮ್ಮ ಪಠ್ಯಪುಸ್ತಕಗಳು ಮಾತ್ರ ಅವನನ್ನು ‘ಪ್ರವಾಸಿ’ ಎಂದು ಕರೆದು, ಇಮ್ಮಡಿ ಪುಲಕೇಶಿಯ ಬಗ್ಗೆ ಅವನು ಬರೆದ ನಾಲ್ಕು ಮಾತು ತೆಗೆದುಕೊಂಡು ಕೈಬಿಡುತ್ತವೆ. ಹರ್ಷನಿಗೆ ಮಣಿಯದ ಅರಸ, ಹೆಂಡ ಕುಡಿಸಿದ ಆನೆಗಳು, ಸೋತ ದಳಪತಿಗೆ ಹೆಣ್ಣುಡುಗೆ. ಹೊರಗಿನವನ ಸಾಕ್ಷಿಯನ್ನು ನಮ್ಮ ಹೆಮ್ಮೆಯ ಪ್ರಮಾಣಪತ್ರವಾಗಿ ಮಾತ್ರ ಓದುವ ಈ ಕ್ರಮದ ಬಗ್ಗೆ ನನಗೆ ತಕರಾರಿದೆ.

646ರಲ್ಲಿ ಮುಗಿದ ಅವನ ‘ಸಿ-ಯು-ಕಿ’ಯನ್ನು ವಿದ್ಯಾರ್ಥಿಯ ಬರಹವಾಗಿ ಓದಿ ನೋಡಿ, ಬೇರೆಯದೇ ಪುಸ್ತಕ ಸಿಗುತ್ತದೆ. ಮಕ್ಕಳಿಗೆ ಮೊದಲು ಅಕ್ಷರಪಾಠ, ಏಳು ವರ್ಷವಾದ ಮೇಲೆ ವ್ಯಾಕರಣ, ಶಿಲ್ಪ, ವೈದ್ಯ, ತರ್ಕ, ಅಧ್ಯಾತ್ಮ ಎಂಬ ಐದು ವಿದ್ಯೆಗಳು. ಮೂವತ್ತಾಗುವ ಹೊತ್ತಿಗೆ ಓದು ಮುಗಿದು ಮನಸ್ಸು ನೆಲೆಗೊಳ್ಳುತ್ತದಂತೆ. ಮೂವತ್ತರ ಹತ್ತಿರ ಬಂದರೂ ಪ್ರಬಂಧ ಮುಗಿಸದ ನನ್ನಂಥವರಿಗೆ ಈ ಮಾತು ಸ್ವಲ್ಪ ಚುಚ್ಚುತ್ತದೆ. ನಾಳಂದದ ಬಾಗಿಲಲ್ಲೇ ಪ್ರಶ್ನೆ ಕೇಳುತ್ತಿದ್ದರು, ಹತ್ತರಲ್ಲಿ ಏಳೆಂಟು ಮಂದಿ ಹಿಂದಿರುಗುತ್ತಿದ್ದರು ಎಂದೂ ಅವನೇ ಬರೆಯುತ್ತಾನೆ. ಶೀಲಭದ್ರನ ಬಳಿ ಕಲಿತವನು ಕಂಚಿಯಲ್ಲಿ ಸಿಂಹಳದ ಭಿಕ್ಷುಗಳು ಸಿಕ್ಕಾಗಲೂ ಯೋಗಶಾಸ್ತ್ರದ ಅನುಮಾನಗಳನ್ನೇ ಮುಂದಿಟ್ಟನೆಂದು ಅವನ ಜೀವನಚರಿತ್ರೆ ಹೇಳುತ್ತದೆ.

ಕಂಚಿಯಿಂದ ಅವನು ಬಂದದ್ದು ಕೊಂಕಣಪುರಕ್ಕೆ. ಅದನ್ನು ವಿದ್ವಾಂಸರು ಬನವಾಸಿ, ಆನೆಗೊಂದಿ ಎಂದೆಲ್ಲ ಗುರುತಿಸಿದ್ದಾರೆ. ಅಲ್ಲಿ ನೂರಕ್ಕೂ ಹೆಚ್ಚು ವಿಹಾರಗಳು, ಹತ್ತು ಸಾವಿರದಷ್ಟು ಭಿಕ್ಷುಗಳು. ಜನ ಕಪ್ಪು, ಒರಟು, ಆದರೆ ವಿದ್ಯೆಯನ್ನು ಪ್ರೀತಿಸುವವರು. ಈ ಮಾತಿನಲ್ಲಿ ಎರಡನೆಯ ಭಾಗವನ್ನಷ್ಟೇ ಉಳಿಸಿಕೊಳ್ಳುವ ಆಸೆ ನಮಗೆ ಬಂದೀತು. ಎರಡೂ ಒಬ್ಬನೇ ಮನುಷ್ಯನ ಕಣ್ಣಿಗೆ ಕಂಡವು ಎಂಬುದನ್ನು ಮರೆಯಬಾರದು. ಊರಿನ ಉತ್ತರಕ್ಕಿದ್ದ ತಾಳೆಯ ಕಾಡನ್ನೂ ಅವನು ಗಮನಿಸುತ್ತಾನೆ: ಉದ್ದ, ಅಗಲ, ಹೊಳೆಯುವ ಗರಿ, ದೇಶದಲ್ಲೆಲ್ಲ ಬರೆಯಲು ಬಳಸುವಂಥದ್ದು. ಮರ ನೋಡಿದ ಕೂಡಲೇ ಬರವಣಿಗೆ ನೆನಪಾಗುವುದು ಓದುವವನಿಗೆ ಮಾತ್ರ.

ಇದೇ ಪುಸ್ತಕದಲ್ಲಿ ನಾರಿಕೇಳ ದ್ವೀಪವೂ ಇದೆ. ಅಲ್ಲಿನವರು ಮೂರಡಿ ಎತ್ತರ, ಮುಖಕ್ಕೆ ಹಕ್ಕಿಯ ಕೊಕ್ಕು, ಧಾನ್ಯ ಬೆಳೆಯದೆ ತೆಂಗಿನಕಾಯಿಯನ್ನೇ ತಿಂದು ಬದುಕುವವರು. ಕೊಕ್ಕಿನ ಮಾತು ಹಾಗಿರಲಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಊಟದ ಮಾತೇ ಸಾಕು, ಇದು ಕೇಳಿ ಬರೆದದ್ದೆಂದು ತಿಳಿಯಲು. ನಮ್ಮಲ್ಲಿ ಕೊಬ್ಬರಿ ಮಾರಾಟಕ್ಕೆ, ಹೊಟ್ಟೆಗೆ ರಾಗಿ. ತೆಂಗನ್ನೇ ನಂಬಿದವರೂ ತೆಂಗನ್ನೇ ಉಣ್ಣುವುದಿಲ್ಲ. ಅವನು ಆ ದ್ವೀಪಕ್ಕೆ ಹೋಗಿರಲಿಲ್ಲ, ಸಿಂಹಳವನ್ನೂ ಮುಟ್ಟಿರಲಿಲ್ಲ. ಕೊಂಕಣಪುರದ ವಿವರಕ್ಕೂ ಈ ದ್ವೀಪದ ವಿವರಕ್ಕೂ ಒಂದೇ ಬೆಲೆ ಕಟ್ಟಲು ಬರುವುದಿಲ್ಲ.

ಹೀಗೆ ಓದಿದರೆ ಅವನು ಸಣ್ಣವನಾಗುವುದಿಲ್ಲ. ಪುಲಕೇಶಿಯ ಹೊಗಳಿಕೆಯೂ ಎಲ್ಲಿಗೂ ಹೋಗುವುದಿಲ್ಲ. ಆದರೆ ಆ ಪುಟದ ಜೊತೆಗೆ ಕೊಂಕಣಪುರದ ಪುಟವನ್ನೂ ಮಕ್ಕಳ ಕೈಗೆ ಕೊಟ್ಟರೆ, ಅರಸರ ಯುದ್ಧಗಳ ನಡುವೆ ಈ ಸೀಮೆಯಲ್ಲಿ ಯಾರು ಏನು ಓದುತ್ತಿದ್ದರು ಎಂಬ ಪ್ರಶ್ನೆ ತರಗತಿಯಲ್ಲಿ ಏಳಬಹುದು. ದೂರದಿಂದ ಬಂದ ಆ ವಿದ್ಯಾರ್ಥಿಗೆ ನಮ್ಮಲ್ಲಿ ಮುಖ್ಯವಾಗಿ ಕಂಡದ್ದರಲ್ಲಿ ಅದೂ ಒಂದು.